ಮೈಗೆ ತೊಡುವ ಸ್ಟೆಬಿಲೈಸರ್ ರಿಗ್: ಕೊಳ್ಳುವ ಮುನ್ನ ಹಾಕಬೇಕಾದ ತೂಕದ ಲೆಕ್ಕ

ಮೈಗೆ ತೊಟ್ಟು ಬಳಸುವ ಕ್ಯಾಮೆರಾ ಸ್ಟೆಬಿಲೈಸರ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಹುಡುಕುವುದು ‘ಇದು ಎಷ್ಟು ಕಿಲೋ ತಡೆಯುತ್ತದೆ’ ಎಂಬ ಒಂದೇ ಅಂಕಿಯನ್ನು. ತಮ್ಮ ಕ್ಯಾಮೆರಾ ನಾಲ್ಕೂವರೆ ಕಿಲೋ ಇದೆ, ರಿಗ್‌ನ ವಿವರಪಟ್ಟಿಯಲ್ಲಿ ಹತ್ತು ಕಿಲೋ ಎಂದು ಬರೆದಿದೆ, ಇನ್ನೇನು ಬೇಕು ಎಂದುಕೊಂಡು ಹಣ ಕಟ್ಟಿಬಿಡುತ್ತಾರೆ. ಆಮೇಲೆ ತೊಟ್ಟು ನೋಡಿದರೆ ಕ್ಯಾಮೆರಾ ಹೊರುವ ಸ್ಪ್ರಿಂಗ್ ತೋಳು, ಅಂದರೆ ಆರ್ಮ್, ಮೊಣಕಾಲಿನತ್ತ ಜೋತುಬಿದ್ದಿರುತ್ತದೆ, ಹತ್ತು ನಿಮಿಷಕ್ಕೆ ಹೆಗಲು ಸೇದತೊಡಗುತ್ತದೆ, ಚಿತ್ರವಂತೂ ದೋಣಿಯಲ್ಲಿ ಕುಳಿತು ತೆಗೆದಂತೆ ಓಲಾಡುತ್ತಿರುತ್ತದೆ. ಆಗ ಉಪಕರಣವನ್ನು ದೂರುವವರೇ ಹೆಚ್ಚು. ಆದರೆ ಬಹುಪಾಲು ತಪ್ಪು ಆ ಅಂಕಿಯನ್ನು ಓದಿದ ರೀತಿಯಲ್ಲಿಯೇ ಇರುತ್ತದೆ. ಆ ಹತ್ತು ಕಿಲೋ ಎಂದರೆ ಬರೀ ಕ್ಯಾಮೆರಾದ ತೂಕವೋ, ಕ್ಯಾಮೆರಾವನ್ನು ಹೊತ್ತ ಚೌಕಟ್ಟೂ ಅದರಲ್ಲಿ ಸೇರಿದೆಯೋ, ಇವೆಲ್ಲವನ್ನೂ ಹೊರಬೇಕಾದ ಮನುಷ್ಯನ ಸೊಂಟ ಎಷ್ಟನ್ನು ಒಪ್ಪುತ್ತದೆಯೋ ಎಂಬುದು ತಿಳಿದ ಮೇಲಷ್ಟೇ ಬ್ರ್ಯಾಂಡ್, ಮಾದರಿ, ಬೆಲೆಗಳ ಮಾತು.

ಅದಕ್ಕೂ ಮೊದಲು, ನಾವು ‘ಅಲುಗಾಟ’ ಎಂದು ಒಟ್ಟಾಗಿ ಕರೆಯುವುದು ಏನೆಂದು ಬಿಡಿಸಿ ನೋಡಬೇಕು. ಕೈಯಲ್ಲಿ ಹಿಡಿದ ಕ್ಯಾಮೆರಾ ಆರು ಬಗೆಯಲ್ಲಿ ಕದಲುತ್ತದೆ. ಎಡಬಲಕ್ಕೆ ತಿರುಗುವ ಪ್ಯಾನ್, ಮೂತಿ ಎತ್ತಿ ತಗ್ಗಿಸುವ ಟಿಲ್ಟ್, ಪಕ್ಕಕ್ಕೆ ವಾಲುವ ರೋಲ್ ಎಂಬ ಮೂರು ತಿರುಗಾಟಗಳು ಒಂದು ಗುಂಪು. ಇಡೀ ಕ್ಯಾಮೆರಾ ಮೇಲೆ ಕೆಳಗೆ, ಅಕ್ಕಪಕ್ಕ, ಹಿಂದೆ ಮುಂದೆ ಸರಿಯುವುದು ಇನ್ನೊಂದು ಗುಂಪು. ಈ ಎರಡು ಗುಂಪುಗಳು ಚಿತ್ರವನ್ನು ಕೆಡಿಸುವ ರೀತಿ ಬೇರೆ ಬೇರೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸ್ ಹಾಕಿದರೆ ಅಡ್ಡಲಾಗಿ ಸುಮಾರು 40 ಡಿಗ್ರಿ ನೋಟ ಸಿಗುತ್ತದೆ. ಚಿತ್ರದ ಅಗಲ 3840 ಪಿಕ್ಸೆಲ್ ಇದ್ದರೆ ಒಂದು ಡಿಗ್ರಿಗೆ ಹೆಚ್ಚುಕಡಿಮೆ 100 ಪಿಕ್ಸೆಲ್ ಆಯಿತು. ಕ್ಯಾಮೆರಾ ಅರ್ಧ ಡಿಗ್ರಿ ತಲೆದೂಗಿದರೆ ಹತ್ತಿರದ ಮುಖವೂ ದೂರದ ಬೆಟ್ಟವೂ ಒಂದೇ ಸಮನೆ 50 ಪಿಕ್ಸೆಲ್ ಹಾರುತ್ತವೆ. ಅದೇ ಕ್ಯಾಮೆರಾ ತಲೆದೂಗದೆ, ಹೆಜ್ಜೆಯ ಕುಲುಕಾಟಕ್ಕೆ 3 ಸೆಂ.ಮೀ. ಮೇಲೆ ಕೆಳಗೆ ಸರಿದರೆ, 3 ಮೀಟರ್ ದೂರದ ಮುಖ ಸುಮಾರು 50 ಪಿಕ್ಸೆಲ್ ಕುಣಿಯುತ್ತದೆ. 30 ಮೀಟರ್ ದೂರದ ಕಟ್ಟಡ ಕುಣಿಯುವುದು ಐದೇ ಪಿಕ್ಸೆಲ್. ದೂರದ ದೃಶ್ಯಗಳನ್ನೇ ಹೆಚ್ಚಾಗಿ ತೆಗೆಯುವವರಿಗೆ ತಿರುಗಾಟವೇ ದೊಡ್ಡ ಶತ್ರು; ನಟರ ಬೆನ್ನು ಹತ್ತಿ, ಎರಡು ಮೂರು ಮೀಟರ್ ಅಂತರದಲ್ಲಿ ನಡೆಯುವವರಿಗೆ ಹೆಜ್ಜೆಯ ಕುಲುಕಾಟವೂ ಅಷ್ಟೇ ದೊಡ್ಡದು.

ಈ ಭೇದವನ್ನು ತಲೆಯಲ್ಲಿಟ್ಟುಕೊಂಡರೆ ಮಾರುಕಟ್ಟೆಯ ಅರ್ಧ ಗೊಂದಲ ಕರಗುತ್ತದೆ. ಬೆನ್ನ ಹಿಂದಿನಿಂದ ತಲೆಯ ಮೇಲಕ್ಕೆ ಬಾಗಿದ ಕೊಕ್ಕೆಯಿಂದ ಹಗ್ಗದಲ್ಲಿ ಕ್ಯಾಮೆರಾ ಇಳಿಬಿಡುವ, ಈಸಿರಿಗ್ ಮಾದರಿಯ ಉಪಕರಣಗಳು ಮುಖ್ಯವಾಗಿ ಮಾಡುವುದು ತೂಕವನ್ನು ಕೈಯಿಂದ ಸೊಂಟಕ್ಕೆ ಸಾಗಿಸುವ ಕೆಲಸವನ್ನು. ದಿನವಿಡೀ ಕೈಯಲ್ಲೇ ಹಿಡಿದು ಚಿತ್ರೀಕರಿಸುವ ಸಾಕ್ಷ್ಯಚಿತ್ರದವರಿಗೆ ಅದು ದೊಡ್ಡ ಉಪಕಾರ. ಆದರೆ ನಡೆಯುವಾಗಿನ ಕುಲುಕಾಟವನ್ನು ಅದು ಅಳಿಸುತ್ತದೆ ಎಂದು ನಿರೀಕ್ಷಿಸಬಾರದು. ಕ್ಯಾಮೆರಾವನ್ನು ಮೋಟಾರ್‌ಗಳಿಂದ ಸಮವಾಗಿ ಹಿಡಿದಿಡುವ ಮೋಟಾರ್ ಗಿಂಬಲ್ ಮೂರು ತಿರುಗಾಟಗಳನ್ನು ಅಚ್ಚುಕಟ್ಟಾಗಿ ತಡೆಯುತ್ತದೆ, ಮೇಲೆ ಕೆಳಗಿನ ಸರಿದಾಟದ ಮುಂದೆ ಅದು ನಿರುಪಾಯ. ಮೈಗೆ ತೊಡುವ ವೆಸ್ಟ್, ಅದಕ್ಕೆ ಸಿಗಿಸುವ ಸ್ಪ್ರಿಂಗ್ ಆರ್ಮ್, ಕ್ಯಾಮೆರಾ ಕೂರುವ ಸ್ಲೆಡ್ ಎಂಬ ಮೂರು ಭಾಗಗಳ ಸಾಂಪ್ರದಾಯಿಕ ರಿಗ್ ಮಾತ್ರ ಎರಡೂ ಗುಂಪನ್ನು ಒಟ್ಟಿಗೆ ಹಿಡಿಯುತ್ತದೆ: ತಿರುಗಾಟವನ್ನು ಸ್ಲೆಡ್, ಕುಲುಕಾಟವನ್ನು ಆರ್ಮ್. ಅಮೆರಿಕದ ಗ್ಯಾರೆಟ್ ಬ್ರೌನ್ 1970ರ ದಶಕದಲ್ಲಿ ರೂಪಿಸಿದ ಈ ಏರ್ಪಾಡು 1976ರ ಹೊತ್ತಿಗೆ ಚಲನಚಿತ್ರಗಳಲ್ಲಿ ಕಾಣಿಸಿಕೊಂಡಿತು, 1978ರಲ್ಲಿ ಅವರಿಗೂ ಅದನ್ನು ತಯಾರಿಸಿದ ಸಿನೆಮಾ ಪ್ರಾಡಕ್ಟ್ಸ್ ಸಂಸ್ಥೆಗೂ ಅಕಾಡೆಮಿ ಪ್ರಶಸ್ತಿ ತಂದುಕೊಟ್ಟಿತು. ಅವರಿಟ್ಟ ‘ಸ್ಟೆಡಿಕ್ಯಾಮ್’ ಎಂಬ ವ್ಯಾಪಾರಮುದ್ರೆಯ ಹೆಸರೇ ಇಂದು ಇಡೀ ಜಾತಿಯ ಉಪಕರಣಗಳಿಗೆ ಆಡುಮಾತಿನ ಹೆಸರಾಗಿದೆ. ಮುಂದಿನ ಮಾತುಗಳೆಲ್ಲ ಮುಖ್ಯವಾಗಿ ಈ ಮೂರು ಭಾಗಗಳ ರಿಗ್ ಕುರಿತಾದವು.

ಸ್ಲೆಡ್ ಎಂದರೆ ಒಂದು ಕಂಬ. ಅದರ ಮೇಲ್ತುದಿಯಲ್ಲಿ ಕ್ಯಾಮೆರಾ, ಕೆಳತುದಿಯಲ್ಲಿ ಬ್ಯಾಟರಿ ಮತ್ತು ಮಾನಿಟರ್, ನಡುವೆ ಎಲ್ಲೋ ಒಂದು ಕಡೆ ಯಾವ ದಿಕ್ಕಿಗೂ ಸಲೀಸಾಗಿ ಹೊರಳುವ ಗಿಂಬಲ್. ಇದರಲ್ಲಿ ಮೋಟಾರೂ ಇಲ್ಲ, ಸೆನ್ಸಾರೂ ಇಲ್ಲ. ಚಿತ್ರವನ್ನು ನಿಲ್ಲಿಸುವುದು ತೂಕದ ಹಂಚಿಕೆಯೊಂದೇ. ಹಗ್ಗದ ಮೇಲೆ ನಡೆಯುವವರು ಉದ್ದನೆಯ ಕೋಲನ್ನು ಅಡ್ಡಲಾಗಿ ಹಿಡಿಯುವುದಕ್ಕೂ ಇದಕ್ಕೂ ಕಾರಣ ಒಂದೇ. ವಸ್ತುವಿನ ತೂಕ ನಡುಬಿಂದುವಿನಿಂದ ದೂರ ದೂರ ಹಂಚಿಕೊಂಡಷ್ಟೂ ಅದನ್ನು ತಿರುಗಿಸುವುದು ಕಷ್ಟವಾಗುತ್ತದೆ. ಭೌತಶಾಸ್ತ್ರದಲ್ಲಿ ಇದಕ್ಕೆ ಜಡತ್ವ ಭ್ರಾಮಕ ಎನ್ನುತ್ತಾರೆ. ತೂಕವನ್ನು ದೂರದ ವರ್ಗದಿಂದ ಗುಣಿಸಿದಾಗ ಅದು ಸಿಗುತ್ತದೆ. ‘ವರ್ಗದಿಂದ’ ಎಂಬ ಮಾತಿನಲ್ಲೇ ರಿಗ್ ಆಯ್ಕೆಯ ದೊಡ್ಡ ಗುಟ್ಟೊಂದು ಅಡಗಿದೆ.

ಲೆಕ್ಕ ಮಾಡಿಯೇ ನೋಡೋಣ. ಗಿಂಬಲ್‌ನಿಂದ 30 ಸೆಂ.ಮೀ. ಮೇಲೆ 4 ಕಿಲೋದ ಕ್ಯಾಮೆರಾ ಇದೆ ಎಂದಿಟ್ಟುಕೊಳ್ಳಿ. ಅದನ್ನು ಸರಿದೂಗಿಸಲು 30 ಸೆಂ.ಮೀ. ಕೆಳಗೆ ಇನ್ನೊಂದು 4 ಕಿಲೋ ಕಟ್ಟಬಹುದು, ಇಲ್ಲವೇ ಕಂಬವನ್ನು ಉದ್ದ ಮಾಡಿ 60 ಸೆಂ.ಮೀ. ಕೆಳಗೆ ಬರೀ 2 ಕಿಲೋ ಕಟ್ಟಬಹುದು. ತಕ್ಕಡಿಯ ನ್ಯಾಯದಲ್ಲಿ ಎರಡೂ ಸಮ. ಆದರೆ ಮೊದಲನೆಯದರಲ್ಲಿ ಕಂಬದ ಭಾರ ಬಿಟ್ಟು ಒಟ್ಟು 8 ಕಿಲೋ ಹೊರಬೇಕು, ದೂರವನ್ನು ಮೀಟರಿನಲ್ಲಿ ಹಿಡಿದರೆ ಅದರ ಜಡತ್ವ ಭ್ರಾಮಕ 0.36ಕ್ಕೆ 0.36 ಕೂಡಿಸಿ 0.72; ಎರಡನೆಯದರಲ್ಲಿ ಹೊರುವುದು 6 ಕಿಲೋ, ಭ್ರಾಮಕ 0.36ಕ್ಕೆ 0.72 ಕೂಡಿಸಿ 1.08. ಎರಡು ಕಿಲೋ ಕಡಿಮೆ ಹೊತ್ತು ಒಂದೂವರೆ ಪಟ್ಟು ಸ್ಥಿರತೆ ಪಡೆದಂತಾಯಿತು. ಹಾಗಾಗಿ ಉದ್ದ ಹೆಚ್ಚು ಕಡಿಮೆ ಮಾಡಬಲ್ಲ ಕಂಬವಿರುವ ಸ್ಲೆಡ್‌ಗೆ, ಒಂದೇ ಅಳತೆಯ ಕಂಬದ ಸ್ಲೆಡ್‌ಗಿಂತ ಹೆಚ್ಚು ಹಣ ಕೊಡುವುದು ನ್ಯಾಯವೇ. ಉದ್ದಕ್ಕೂ ಬೆಲೆ ತೆರಬೇಕಾಗುತ್ತದೆ ಎಂಬುದು ಬೇರೆ ಮಾತು: ಕೆಳತುದಿ ಮೆಟ್ಟಿಲಿಗೆ ತಾಗುತ್ತದೆ, ತೊಡೆಗೆ ಬಡಿಯುತ್ತದೆ, ಕುಳಿತ ನಟನ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಳಿಸಲು ಜಾಗ ಸಾಲುವುದಿಲ್ಲ, ಅಲ್ಲದೆ ಕಂಬ ಸಪೂರವಾಗಿದ್ದರೆ ಉದ್ದ ಎಳೆದಾಗ ಅದೇ ನಡುಗತೊಡಗುತ್ತದೆ. ಕಂಬವನ್ನು ಪೂರ್ತಿ ಎಳೆದು, ಕ್ಯಾಮೆರಾ ತಟ್ಟೆಯ ಬದಿಗೆ ಬೆರಳಿನಿಂದ ಒಮ್ಮೆ ಮೊಟಕಿ ಮಾನಿಟರ್ ನೋಡಿದರೆ ಸಾಕು. ಚಿತ್ರ ಒಮ್ಮೆ ಅದುರಿ ನಿಂತರೆ ಸರಿ, ಬಹಳ ಹೊತ್ತು ಕಂಪಿಸುತ್ತಿದ್ದರೆ ಆ ಕಂಬವನ್ನು ಅಷ್ಟು ಉದ್ದಕ್ಕೆ ನಂಬುವಂತಿಲ್ಲ.

ಇದೇ ಲೆಕ್ಕ ಹಗುರ ಕ್ಯಾಮೆರಾದವರಿಗೆ ಒಂದು ಕಹಿ ಸತ್ಯವನ್ನೂ ಹೇಳುತ್ತದೆ. ಒಂದು ಕಿಲೋದ ಮಿರರ್‌ಲೆಸ್ ಕ್ಯಾಮೆರಾವನ್ನು ಗಿಡ್ಡ ಸ್ಲೆಡ್ ಮೇಲಿಟ್ಟರೆ ಸ್ಥಿರತೆ ಎಲ್ಲಿಂದ ಬರಬೇಕು? ಬೆರಳು ಸೋಕಿದರೆ ತಿರುಗುತ್ತದೆ, ಗಾಳಿ ಬೀಸಿದರೆ ವಾಲುತ್ತದೆ. ತುಂಬಿದ ಕೊಡ ತುಳುಕುವುದಿಲ್ಲ ಎಂಬುದು ಇಲ್ಲಿ ಗಾದೆಯಷ್ಟೇ ಅಲ್ಲ, ಯಂತ್ರಶಾಸ್ತ್ರವೂ ಹೌದು. ಹಗುರ ಕ್ಯಾಮೆರಾದವರು ಮೇಲಿನ ತಟ್ಟೆಗೂ ಕೆಳತುದಿಗೂ ಬೇಕೆಂದೇ ತೂಕದ ಬಿಲ್ಲೆಗಳನ್ನು ಕಟ್ಟಿಕೊಳ್ಳುವುದನ್ನು ನೋಡಿ ನಗುವವರಿದ್ದಾರೆ. ಕಟ್ಟಿಕೊಂಡವರ ಚಿತ್ರ ನೋಡಿದ ಮೇಲೆ ನಗು ನಿಲ್ಲುತ್ತದೆ.

ಸಮತೋಲದಲ್ಲಿ ಎರಡು ಬಗೆ. ಕಂಬ ನೆಟ್ಟಗೆ ನಿಲ್ಲುವಂತೆ ಕ್ಯಾಮೆರಾವನ್ನು ಹಿಂದೆ ಮುಂದೆ, ಅಕ್ಕಪಕ್ಕ ಸರಿಸಿ ಹೊಂದಿಸುವುದು ಸ್ಥಿರ ಸಮತೋಲ. ಗುರುತ್ವಕೇಂದ್ರವು ಗಿಂಬಲ್‌ಗಿಂತ ಕೂದಲೆಳೆಯಷ್ಟು ಕೆಳಗಿರಬೇಕು. ಅದನ್ನು ಅಳೆಯುವ ಕ್ರಮ ಸರಳವಾಗಿದೆ: ಕಂಬವನ್ನು ನೆಲಕ್ಕೆ ಸಮಾಂತರವಾಗಿ ಅಡ್ಡ ಹಿಡಿದು ಕೈಬಿಟ್ಟು, ಅದು ತೂಗಿ ನೆಟ್ಟಗಿನ ಸ್ಥಿತಿಗೆ ಬರಲು ಎಷ್ಟು ಸೆಕೆಂಡು ಹಿಡಿಯಿತೆಂದು ಎಣಿಸುವುದು. ಎರಡರಿಂದ ಮೂರು ಸೆಕೆಂಡು ಸಾಮಾನ್ಯವಾಗಿ ಎಲ್ಲರೂ ಒಪ್ಪುವ ಅಳತೆ. ಒಂದೇ ಸೆಕೆಂಡಿಗೆ ಬಿದ್ದರೆ ಕೆಳಭಾಗ ಅತಿಯಾಗಿ ಭಾರವಾಗಿದೆ ಎಂದರ್ಥ. ಅಂಥ ಸ್ಲೆಡ್ ನಿಂತಲ್ಲಿ ಬಲು ಗಂಭೀರವಾಗಿ ಕಾಣುತ್ತದೆ, ನಡೆಯಲು ಹೊರಟ ಕ್ಷಣ ಮತ್ತು ನಿಂತ ಕ್ಷಣ ಗಡಿಯಾರದ ಲೋಲಕದಂತೆ ತೂಗುತ್ತದೆ. ಹೊಸಬರ ಚಿತ್ರಗಳು ದೋಣಿಯಂತೆ ಓಲಾಡಲು ಬಹುತೇಕ ಇದೇ ಕಾರಣ. ಎರಡನೆಯದು ಚಲನ ಸಮತೋಲ, ಅಂದರೆ ಕಂಬವನ್ನು ಬುಗುರಿಯಂತೆ ತಿರುಗಿಸಿದಾಗಲೂ ಅದು ವಾಲದೆ ನಿಲ್ಲುವುದು. ಕ್ಯಾಮೆರಾದ ತೂಕ ಕಂಬದ ಹಿಂದಕ್ಕೋ ಮುಂದಕ್ಕೋ ಬಿದ್ದಿದ್ದರೆ, ಬ್ಯಾಟರಿ ಮತ್ತು ಮಾನಿಟರ್‌ಗಳ ದೂರವನ್ನು ಅದಕ್ಕೆ ಹೊಂದುವಂತೆ ಬದಲಿಸಲು ಅವಕಾಶವಿರಬೇಕು. ಬ್ಯಾಟರಿಯನ್ನೋ ಮಾನಿಟರನ್ನೋ ಒಂದೇ ಜಾಗದಲ್ಲಿ ಬಿಗಿದುಬಿಟ್ಟ ಸ್ಲೆಡ್‌ನಲ್ಲಿ ಆ ದಾರಿಯೇ ಮುಚ್ಚಿಹೋಗಿರುತ್ತದೆ. ನಿಧಾನದ ನಡಿಗೆಯ ದೃಶ್ಯಗಳಿಗೆ ಇದು ದೊಡ್ಡ ಕೊರತೆಯಲ್ಲ, ಥಟ್ಟನೆ ತಿರುಗುವ ದೃಶ್ಯಗಳಿದ್ದರೆ ಮಾತ್ರ ದಿನವೂ ಕಾಡುತ್ತದೆ.

ಗಿಂಬಲ್‌ನ ಗುಣವನ್ನು ಕಣ್ಣಿನಿಂದ ತಿಳಿಯಲಾಗದು, ಕೈಯಿಂದ ತಿಳಿಯಬೇಕು. ಸ್ಲೆಡ್ ಅನ್ನು ಸಮತೋಲಕ್ಕೆ ತಂದ ಮೇಲೆ, ಹಿಡಿಯನ್ನು ಕದಲಿಸದೆ ಕಂಬವನ್ನು ಮಾತ್ರ ಮೆಲ್ಲಗೆ ಅರ್ಧ ಸುತ್ತು ತಿರುಗಿಸಿ. ಕ್ಯಾಮೆರಾ ಒಂದು ದಿಕ್ಕಿಗೆ ನೋಡುವಾಗ ನೆಟ್ಟಗಿದ್ದು, ಅದರ ಎದುರು ದಿಕ್ಕಿಗೆ ತಿರುಗಿದಾಗ ವಾಲಿದರೆ, ಗಿಂಬಲ್‌ನ ಬೇರಿಂಗ್‌ಗಳು ಕಂಬದ ನಡುರೇಖೆಗೆ ಸರಿಯಾಗಿ ಕೂತಿಲ್ಲ. ಅದನ್ನು ತಿದ್ದುವ ತಿರುಪುಗಳು ಉತ್ತಮ ಗಿಂಬಲ್‌ನಲ್ಲಿ ಇರುತ್ತವೆ. ಅಗ್ಗದವುಗಳಲ್ಲಿ ಇರುವುದಿಲ್ಲ, ಇದ್ದರೂ ಹೆಚ್ಚು ದಿನ ನಿಲ್ಲುವುದಿಲ್ಲ. ಜೊತೆಗೆ ಎರಡೇ ಬೆರಳಿನಿಂದ ಅತಿ ನಿಧಾನವಾಗಿ ಪ್ಯಾನ್ ಮಾಡಿ ನೋಡಬೇಕು. ಎಲ್ಲಾದರೂ ಮರಳು ಸಿಕ್ಕಿಕೊಂಡಂಥ ತಡೆ ಬೆರಳಿಗೆ ಗೊತ್ತಾದರೆ, ಅದೇ ತಡೆ ನಾಳೆ ಚಿತ್ರದಲ್ಲಿ ಸಣ್ಣ ಜಿಗಿತವಾಗಿ ಕಾಣುತ್ತದೆ.

ಇನ್ನು ಮೊದಲು ಹೇಳಿದ ತೂಕದ ಲೆಕ್ಕ. ಕೊಳ್ಳುವ ಮುನ್ನ ಒಂದು ತಕ್ಕಡಿ ತಂದು, ಚಿತ್ರೀಕರಣದ ದಿನ ಕ್ಯಾಮೆರಾ ಮೇಲೆ ಏನೇನು ಕೂರುತ್ತದೆಯೋ ಅದೆಲ್ಲವನ್ನೂ ಒಂದೊಂದಾಗಿ ತೂಗಬೇಕು. ಉದಾಹರಣೆಗೆ ಕ್ಯಾಮೆರಾ 2.2 ಕಿಲೋ, ಲೆನ್ಸ್ 1.1, ಮ್ಯಾಟ್ ಬಾಕ್ಸ್ ಮತ್ತು ಫಿಲ್ಟರ್ 0.5, ವೈರ್‌ಲೆಸ್ ವಿಡಿಯೊ ಟ್ರಾನ್ಸ್‌ಮಿಟರ್ 0.3, ಫೋಕಸ್ ಮೋಟಾರ್ 0.2, ಕೆಳಗಿನ ಪ್ಲೇಟ್ 0.3: ಒಟ್ಟು 4.6 ಕಿಲೋ. ಬಹಳ ಮಂದಿ ಇಲ್ಲಿಗೇ ನಿಲ್ಲುತ್ತಾರೆ. ಆದರೆ ಆರ್ಮ್ ಎತ್ತಬೇಕಾದದ್ದು ಇಷ್ಟನ್ನೇ ಅಲ್ಲ. ಬರಿಯ ಸ್ಲೆಡ್ 3 ಕಿಲೋ, ಮಾನಿಟರ್ 0.7, ತಲಾ 0.8 ಕಿಲೋದ ಎರಡು ಬ್ಯಾಟರಿ 1.6 ಎಂದಿಟ್ಟುಕೊಂಡರೆ ಕೆಳಗಿನದೇ 5.3 ಕಿಲೋ, ಆರ್ಮ್ ಪಾಲಿಗೆ ಬೀಳುವುದು 9.9 ಕಿಲೋ. ವಿವರಪಟ್ಟಿಯ ‘ಹತ್ತು ಕಿಲೋ’ ಎಂಬುದು ಆರ್ಮ್ ಎತ್ತುವ ಒಟ್ಟು ತೂಕವಾಗಿದ್ದರೆ, ನಾಲ್ಕೂವರೆ ಕಿಲೋದ ಕ್ಯಾಮೆರಾಕ್ಕೇ ಅದು ತನ್ನ ಕಟ್ಟಕಡೆಯ ಮಿತಿಯನ್ನು ಮುಟ್ಟಿದಂತಾಯಿತು. ಕೆಲವು ತಯಾರಕರು ಕ್ಯಾಮೆರಾದ ತೂಕವನ್ನು ಹೇಳುತ್ತಾರೆ, ಕೆಲವರು ಆರ್ಮ್ ಮೇಲಿನ ಒಟ್ಟು ತೂಕವನ್ನು ಹೇಳುತ್ತಾರೆ, ಕೆಲವರು ಯಾವುದೆಂದು ಹೇಳುವುದೇ ಇಲ್ಲ. ಹೇಳದವರನ್ನು ಬಾಯಿಬಿಟ್ಟು ಕೇಳಬೇಕು. ಉತ್ತರ ಸ್ಪಷ್ಟವಾಗಿ ಬಾರದಿದ್ದರೆ ಅದೂ ಒಂದು ಉತ್ತರವೇ.

ಆರ್ಮ್‌ಗೆ ಗರಿಷ್ಠ ಮಿತಿ ಇರುವಂತೆ ಕನಿಷ್ಠ ಮಿತಿಯೂ ಇರುತ್ತದೆ ಎಂಬುದನ್ನು ಜನ ಮರೆಯುತ್ತಾರೆ. ಭಾರದ ಕ್ಯಾಮೆರಾಗಳಿಗೆಂದು ಮಾಡಿದ ಆರ್ಮ್‌ಗೆ ಹಗುರ ರಿಗ್ ತೂಗಿಹಾಕಿದರೆ ಸ್ಪ್ರಿಂಗ್ ಎಷ್ಟು ಸಡಿಲಿಸಿದರೂ ಅದು ಮೇಲಕ್ಕೆ ಏಳುತ್ತದೆಯೇ ಹೊರತು ತೇಲುವುದಿಲ್ಲ. ಮುಂದೊಂದು ದಿನ ದೊಡ್ಡ ಕ್ಯಾಮೆರಾ ಬರುತ್ತದೆಂದು ಇಂದೇ ದೊಡ್ಡ ಆರ್ಮ್ ಕೊಂಡು, ಇಂದಿನ ಕೆಲಸವನ್ನೂ ಕೆಡಿಸಿಕೊಳ್ಳುವುದು ಜಾಣತನವಲ್ಲ. ಮೇಲಿನ ಲೆಕ್ಕದ 9.9 ಕಿಲೋಗೆ, 6ರಿಂದ 14 ಕಿಲೋ ತಡೆಯುವ ಆರ್ಮ್ ಹಿತವಾಗಿ ಒಪ್ಪುತ್ತದೆ: ನಮ್ಮ ತೂಕ ಆ ವ್ಯಾಪ್ತಿಯ ನಡುಭಾಗಕ್ಕೆ ಬೀಳುತ್ತದೆ, ಲೆನ್ಸ್ ಬದಲಾದರೂ ಇನ್ನೊಂದು ಬ್ಯಾಟರಿ ಸೇರಿದರೂ ಎರಡೂ ಕಡೆ ಜಾಗ ಉಳಿದಿರುತ್ತದೆ.

ಆರ್ಮ್‌ನ ಒಳಗೆ ಎರಡು ಸಮಾಂತರ ಚತುರ್ಭುಜಗಳಿವೆ, ನಮ್ಮ ಮೇಲ್ದೋಳು ಮುಂಗೈಗಳ ಹಾಗೆ. ಪ್ರತಿಯೊಂದರಲ್ಲೂ ಸ್ಪ್ರಿಂಗ್ ಮೂಲೆಯಿಂದ ಮೂಲೆಗೆ ಎಳೆದು ಕೂತಿರುತ್ತದೆ. ಸ್ಪ್ರಿಂಗ್‌ನ ಸ್ವಭಾವ ಎಳೆದಷ್ಟೂ ಹೆಚ್ಚು ಬಲದಿಂದ ಹಿಂದಕ್ಕೆ ಜಗ್ಗುವುದು. ನಮಗೆ ಬೇಕಾದದ್ದು ಮೇಲಿದ್ದರೂ ಕೆಳಗಿದ್ದರೂ ಒಂದೇ ಬಲದಿಂದ ಹಿಡಿದಿರುವುದು. ಎಳೆತ ಹೆಚ್ಚಾದಾಗ ಅದರ ಕೋನ ಬದಲಾಗಿ ಎತ್ತುವ ಬಲ ಸಮವಾಗಿಯೇ ಉಳಿಯುವಂತೆ ಜೋಡಿಸುವುದರಲ್ಲಿ ತಯಾರಕರ ಕೈಚಳಕವೆಲ್ಲ ಇದೆ. ಹಾಗೆ ಜೋಡಿಸಿದ್ದನ್ನು ಐಸೊ-ಎಲಾಸ್ಟಿಕ್ ಆರ್ಮ್ ಎನ್ನುತ್ತಾರೆ. ಇದು ಏಕೆ ಮುಖ್ಯವೆಂದರೆ, ನಡೆಯುವವರು ಸೆಕೆಂಡಿಗೆ ಹೆಚ್ಚುಕಡಿಮೆ ಎರಡು ಹೆಜ್ಜೆ ಇಡುತ್ತಾರೆ. ಆರ್ಮ್ ತಾನಾಗಿ ಒಮ್ಮೆ ಮೇಲೇರಿ ಕೆಳಗಿಳಿಯಲು ತೆಗೆದುಕೊಳ್ಳುವ ಹೊತ್ತು ಒಂದು ಹೆಜ್ಜೆಯ ಹೊತ್ತಿಗಿಂತ ಹಲವು ಪಟ್ಟು ದೀರ್ಘವಾಗಿದ್ದರೆ ಹೆಜ್ಜೆಯ ಕುಲುಕು ಕ್ಯಾಮೆರಾಕ್ಕೆ ತಲುಪುವ ಮೊದಲೇ ಕರಗುತ್ತದೆ. ಎರಡೂ ಹತ್ತಿರ ಹತ್ತಿರ ಇದ್ದರೆ ಕುಲುಕು ಕರಗುವ ಬದಲು ಬೆಳೆಯುತ್ತದೆ. ಗಡುಸು ಸ್ಪ್ರಿಂಗ್‌ನ ಅಗ್ಗದ ಆರ್ಮ್ ತೊಟ್ಟು ನಡೆದವರ ಚಿತ್ರ, ಏನೂ ತೊಡದೆ ಹುಷಾರಾಗಿ ನಡೆದವರ ಚಿತ್ರಕ್ಕಿಂತ ಕೆಟ್ಟದಾಗಿ ಬರುವುದು ಹೀಗೆ.

ಪರೀಕ್ಷೆಗೆ ದೊಡ್ಡ ಸಲಕರಣೆ ಬೇಡ. ನಿಮ್ಮದೇ ಕ್ಯಾಮೆರಾ ಹಾಕಿ ಆರ್ಮ್ ನೆಲಕ್ಕೆ ಸಮಾಂತರವಾಗಿ ತೇಲುವಂತೆ ಹೊಂದಿಸಿ, ಒಂದು ಬೆರಳಿನಿಂದ ಗೇಣುದ್ದ ಕೆಳಗೆ ಒತ್ತಿ ಬಿಡಿ. ಒಳ್ಳೆಯ ಆರ್ಮ್ ಅಲ್ಲೇ ನಿಲ್ಲುತ್ತದೆ ಅಥವಾ ಸೋಮಾರಿಯಂತೆ ಮೆಲ್ಲನೆ ಹಿಂದಿರುಗುತ್ತದೆ. ಚಂಗನೆ ನೆಗೆದು ಮೂರು ಸಲ ಕುಣಿದರೆ ಅದನ್ನು ಅಲ್ಲೇ ಬಿಟ್ಟುಬರುವುದು ಲೇಸು. ಪೂರ್ತಿ ಮೇಲಕ್ಕೂ ಪೂರ್ತಿ ಕೆಳಕ್ಕೂ ಒಯ್ಯುವಾಗ ಕೈಗೆ ಎಷ್ಟು ಬಲ ಬೇಕಾಯಿತು ಎಂಬುದನ್ನು ಗಮನಿಸಬೇಕು. ಕಿವಿಯನ್ನೂ ಕೊಡಬೇಕು: ಕೀಲುಗಳ ಕಿರುಗುಟ್ಟುವಿಕೆ ಮೌನದ ದೃಶ್ಯವೊಂದರಲ್ಲಿ ಮೈಕಿಗೆ ಬಿದ್ದರೆ ಧ್ವನಿಗ್ರಾಹಕರ ಮುಖ ನೋಡಲಾಗದು. ತೂಕ ಬದಲಿಸಿದಾಗ ಬಿಗುಪನ್ನು ಬರಿಗೈಯಿಂದ ತಿರುಗಿಸಿ ಹೊಂದಿಸಬಹುದೋ, ಉಪಕರಣ ಬೇಕೋ, ಸ್ಪ್ರಿಂಗನ್ನೇ ಬದಲಿಸಬೇಕೋ ಎಂಬುದನ್ನೂ ಕೇಳಿ ತಿಳಿಯಬೇಕು. ಆರ್ಮ್ ಮತ್ತು ಸ್ಲೆಡ್ ಬೇರೆ ಬೇರೆ ತಯಾರಕರದ್ದಾದರೆ ಇನ್ನೊಂದು ಸಣ್ಣ ಎಚ್ಚರ: ಆರ್ಮ್‌ನ ತುದಿಯ ಗೂಟದ ದಪ್ಪವೂ ಗಿಂಬಲ್ ಹಿಡಿಯ ತೂತಿನ ಅಳತೆಯೂ ಹೊಂದಬೇಕು. ದೊಡ್ಡ ರಿಗ್‌ಗಳಲ್ಲಿ 5/8 ಇಂಚು ಸಾಮಾನ್ಯ, ಸಣ್ಣವುಗಳಲ್ಲಿ ಅರ್ಧ ಇಂಚಿನವೂ ಇವೆ.

ಈಗ ವೆಸ್ಟ್. ಆಯ್ಕೆಯಲ್ಲಿ ಜನ ಅತಿ ಕಡಿಮೆ ಹೊತ್ತು ಕೊಡುವುದು ಇದಕ್ಕೆ, ಅತಿ ಹೆಚ್ಚು ನೋವು ಕೊಡುವುದೂ ಇದೇ. 9.9 ಕಿಲೋದ ಭಾರಕ್ಕೆ ಆರ್ಮ್ ಮತ್ತು ವೆಸ್ಟ್‌ಗಳ ಸ್ವಂತ ತೂಕ ಸೇರಿದರೆ ಮೈಮೇಲಿನ ಒಟ್ಟು ಹೊರೆ 17-18 ಕಿಲೋ ಆಗುವುದು ಅಪರೂಪವಲ್ಲ. ಆದರೆ ಮೈ ದಣಿಯುವುದು ತೂಕಕ್ಕಿಂತ ಹೆಚ್ಚಾಗಿ ಅದು ನಿಂತ ದೂರದಿಂದ. ಬೆನ್ನುಹುರಿಯಿಂದ 40 ಸೆಂ.ಮೀ. ಮುಂದೆ 10 ಕಿಲೋ ತೂಗಾಡುತ್ತಿದ್ದರೆ, ಒಂದು ಮೀಟರ್ ಕೋಲಿನ ತುದಿಯಲ್ಲಿ 4 ಕಿಲೋ ಕಟ್ಟಿ ಚಾಚಿ ಹಿಡಿದಷ್ಟೇ ಸೆಳೆತ ಬೆನ್ನಿನ ಮೇಲೆ ಬೀಳುತ್ತದೆ. ಈ ಸೆಳೆತವನ್ನು ಹೆಗಲಿಗೆ ಬಿಡದೆ ಸೊಂಟಕ್ಕೂ ಬೆನ್ನಿಗೂ ಎದೆಗೂಡಿಗೂ ಹಂಚುವುದೇ ವೆಸ್ಟ್‌ನ ಕೆಲಸ. ಆರ್ಮ್ ಎದೆಯ ಮುಂಭಾಗದ ಪಟ್ಟಿಗೆ ಸಿಗಿಸಿಕೊಳ್ಳುವ ವೆಸ್ಟ್‌ಗಳೇ ಹೆಚ್ಚು. ಬೆನ್ನ ಹಿಂದಿನಿಂದ ಬಳಸಿ ಬರುವ ತೋಳಿಗೆ ಆರ್ಮ್ ಸಿಗಿಸುವ ಬಗೆಯೂ ಇದೆ. ಹಿಂಬದಿಯ ಬಗೆ ಎದೆಯನ್ನು ಒತ್ತದ ಕಾರಣ ಉಸಿರಾಟಕ್ಕೆ ಸರಾಗ, ಮಹಿಳಾ ಆಪರೇಟರ್‌ಗಳಲ್ಲಿ ಅನೇಕರಿಗೆ ಹೆಚ್ಚು ಹಿತ. ಇಕ್ಕಟ್ಟಾದ ಬಾಗಿಲಲ್ಲಿ ತೂರುವಾಗ ಅದರ ಅಗಲ ತೊಡಕಾಗುವುದೂ ಉಂಟು. ಯಾವುದು ಮೇಲು ಎಂಬುದು ತೊಟ್ಟವರ ಮೈಕಟ್ಟು ಹೇಳಬೇಕಾದ ಮಾತು.

ತೊಡುವ ಕ್ರಮವೇ ಒಂದು ಪರೀಕ್ಷೆ. ಮೊದಲು ಸೊಂಟದ ಪಟ್ಟಿಯನ್ನು ಸೊಂಟದ ಮೂಳೆಯ ಏಣಿನ ಮೇಲೆ ಕೂರುವಂತೆ ಬಿಗಿಯಬೇಕು. ಕೆಳಗೆ ಜಾರಿದರೆ ತೊಡೆ ಎತ್ತಲಾಗದು, ಮೇಲೇರಿದರೆ ಹೊಟ್ಟೆ ಹಿಂಡುತ್ತದೆ. ಬಳಿಕ ಸೊಂಟದ ಪಟ್ಟಿಯನ್ನೂ ಎದೆಯ ಭಾಗವನ್ನೂ ಕೂಡಿಸುವ, ಮೇಲಿಂದ ಕೆಳಕ್ಕೆ ಬರುವ ನಡುಪಟ್ಟಿಯ ಉದ್ದವನ್ನು ಹೆಗಲ ಮೆತ್ತೆಗಳು ಹೆಗಲನ್ನು ಸೋಕಿದರೂ ಒತ್ತದಂತೆ ಹೊಂದಿಸಬೇಕು. ಕೊನೆಗೆ ಎದೆಯ ಪಟ್ಟಿ. ಭಾರ ಹಾಕಿಕೊಂಡ ಮೇಲೆ ಹೆಗಲ ಮೆತ್ತೆಯ ಅಡಿಗೆ ಎರಡು ಬೆರಳು ಸಲೀಸಾಗಿ ತೂರಬೇಕು. ಈ ಮಾತನ್ನು ನಾನು ಕಲಿತದ್ದು ತಡವಾಗಿ: ಮೊದಮೊದಲು ಹೆಗಲ ಪಟ್ಟಿಗಳನ್ನೇ ಶಾಲೆಯ ಚೀಲದಂತೆ ಬಿಗಿದುಕೊಂಡು, ಸಂಜೆಗೆ ಕತ್ತು ತಿರುಗಿಸಲಾಗದೆ, ರಿಗ್ ಎಂದರೆ ಹೀಗೆಯೇ ಎಂದು ನಂಬಿಕೊಂಡಿದ್ದೆ. ನಡುಪಟ್ಟಿಯ ಉದ್ದವನ್ನು ಎರಡು ಬೆರಳಿನಷ್ಟು ಹೆಚ್ಚಿಸಿದ ದಿನ ಅದೇ ಭಾರ ಅರ್ಧವಾದಂತೆ ಅನ್ನಿಸಿತು. ಆದ್ದರಿಂದ ‘ಎಲ್ಲರಿಗೂ ಒಂದೇ ಅಳತೆ’ ಎಂದು ಮಾರುವ ವೆಸ್ಟ್‌ಗಳ ವಿಷಯದಲ್ಲಿ ನನಗೆ ಅನುಮಾನ ಉಳಿದೇ ಇದೆ. ಐದಡಿಯವರಿಗೂ ಆರಡಿಯವರಿಗೂ ಹೊಂದುವ ನಡುಪಟ್ಟಿ ಇರಬಹುದು, ಇಬ್ಬರ ಸೊಂಟಕ್ಕೂ ಎದೆಗೂ ಹೊಂದುವ ವೆಸ್ಟ್ ಸಿಗುವುದು ಕಷ್ಟ.

ವೆಸ್ಟ್‌ಗೆ ಆರ್ಮ್ ಸಿಗಿಸುವ ಜಾಗದಲ್ಲಿ ಎರಡು ಹೊಂದಾಣಿಕೆಯ ತಿರುಪುಗಳಿರಬೇಕು: ಒಂದು ಭಾರವನ್ನು ಹಿಂದೆ ಮುಂದೆ ವಾಲಿಸಲು, ಇನ್ನೊಂದು ಅಕ್ಕಪಕ್ಕ ವಾಲಿಸಲು. ಇವು ಅಲಂಕಾರದ ವಸ್ತುಗಳಲ್ಲ. ಪ್ರತಿಯೊಬ್ಬರ ನಿಲುವೂ ಬೇರೆ. ಕೆಲವರು ಸಹಜವಾಗಿ ತುಸು ಹಿಂದಕ್ಕೆ ಬಾಗಿ ನಿಲ್ಲುತ್ತಾರೆ, ಕೆಲವರ ಒಂದು ಹೆಗಲು ತಗ್ಗಿರುತ್ತದೆ. ನೀವು ಹಾಯಾಗಿ ನಿಂತು ಎರಡೂ ಕೈಬಿಟ್ಟಾಗ ರಿಗ್ ನಿಮ್ಮ ಪಕ್ಕದಲ್ಲೇ ತೇಲುತ್ತಾ ನಿಲ್ಲಬೇಕು. ಅದು ಮುಂದಕ್ಕೆ ಓಡಿದರೆ ಒಂದು ತಿರುಪು, ಪಕ್ಕಕ್ಕೆ ಸರಿದರೆ ಇನ್ನೊಂದು. ಈ ಹೊಂದಾಣಿಕೆ ಇಲ್ಲದ ವೆಸ್ಟ್‌ನಲ್ಲಿ ರಿಗ್ ಸದಾ ಎಲ್ಲಿಗೋ ಹೊರಟಿರುತ್ತದೆ, ಅದನ್ನು ಹಿಡಿದೆಳೆಯುತ್ತಲೇ ಇರಬೇಕಾದ ಕೈ ಚಿತ್ರವನ್ನು ರೂಪಿಸುವ ಕೆಲಸಕ್ಕೆ ಸಿಗುವುದಿಲ್ಲ. ಎಡಗಡೆ ಬಲಗಡೆ ಎರಡಕ್ಕೂ ಆರ್ಮ್ ಬದಲಿಸಿ ಸಿಗಿಸಲು ಬರುತ್ತದೆಯೇ, ಅಪಾಯದ ವೇಳೆ ಒಂದೇ ಎಳೆತಕ್ಕೆ ವೆಸ್ಟ್ ಕಳಚಿಕೊಳ್ಳುತ್ತದೆಯೇ ಎಂಬ ಎರಡನ್ನೂ ನೋಡಿಕೊಳ್ಳಬೇಕು. ನೀರಿನ ಬಳಿ, ಎತ್ತರದ ಅಂಚಿನಲ್ಲಿ ಕೆಲಸ ಮಾಡುವವರಿಗೆ ಎರಡನೆಯದು ಜೀವದ ಪ್ರಶ್ನೆ.

ವಿದ್ಯುತ್ತಿನ ವಿಷಯವನ್ನು ಬೇಗ ಮುಗಿಸಬಹುದು. ಕ್ಯಾಮೆರಾ 50 ವ್ಯಾಟ್, ಮಾನಿಟರ್ 15, ಟ್ರಾನ್ಸ್‌ಮಿಟರ್ ಮತ್ತು ಫೋಕಸ್ ಮೋಟಾರ್ ತಲಾ 10 ಎಂದರೆ 85 ವ್ಯಾಟ್. 98 ವ್ಯಾಟ್-ಅವರ್‌ನ ಬ್ಯಾಟರಿ ಕಾಗದದ ಮೇಲೆ ಒಂದು ಗಂಟೆ ಹತ್ತು ನಿಮಿಷಕ್ಕಿಂತ ಕಡಿಮೆ ಬರುತ್ತದೆ, ವಾಸ್ತವದಲ್ಲಿ ಇನ್ನೂ ಕಡಿಮೆ. ಇಲ್ಲಿ ಒಂದು ಸಮಾಧಾನವೂ ಇದೆ: ಸ್ಲೆಡ್‌ನ ಕೆಳಗೆ ಹೇಗೂ ತೂಕ ಬೇಕೇ ಬೇಕು, ಎರಡನೆಯ ಬ್ಯಾಟರಿ ಆ ತೂಕವೂ ಆಗುತ್ತದೆ. ವಿಮಾನದಲ್ಲಿ 100 ವ್ಯಾಟ್-ಅವರ್ ಒಳಗಿನ ಲಿಥಿಯಂ ಬ್ಯಾಟರಿಗಳನ್ನು ಕೈಚೀಲದಲ್ಲಿ ಒಯ್ಯಬಹುದು, ಅದಕ್ಕಿಂತ ಹೆಚ್ಚಿನದಕ್ಕೆ 160ರ ತನಕ ವಿಮಾನ ಸಂಸ್ಥೆಯ ಅನುಮತಿ ಬೇಕು. ಹೆಚ್ಚು ಪ್ರಯಾಣಿಸುವವರು ಬ್ಯಾಟರಿಯ ಗಾತ್ರವನ್ನು ಈ ಮಿತಿಯೊಳಗೇ ಆರಿಸುವುದು ಒಳಿತು. ಕ್ಯಾಮೆರಾಕ್ಕೆ ಬೇಕಾದದ್ದು 12 ವೋಲ್ಟೋ 24 ವೋಲ್ಟೋ, ಕಂಬದೊಳಗಿನ ತಂತಿ ಅದನ್ನು ಒಯ್ಯುತ್ತದೆಯೋ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಮಾನಿಟರ್ ಹಗಲು ಬಿಸಿಲಿನಲ್ಲಿ ಕಾಣುವಷ್ಟು ಪ್ರಖರವಾಗಿರಬೇಕು, ಅಂದರೆ ಕನಿಷ್ಠ 1000 ನಿಟ್. ಆಪರೇಟರ್ ಕ್ಯಾಮೆರಾದ ಕಡೆ ನೋಡುವುದೇ ಇಲ್ಲ, ಅವರ ಕಣ್ಣು ಮಾನಿಟರ್ ಮತ್ತು ಕಾಲಿನ ಮುಂದಿನ ನೆಲ ಇವೆರಡರ ನಡುವೆಯೇ ಓಡಾಡುತ್ತಿರುತ್ತದೆ.

ಇಷ್ಟೆಲ್ಲ ಕೇಳಿದ ಮೇಲೆ ಯಾರಾದರೂ ಹೇಳಬಹುದು: ಮೋಟಾರ್ ಗಿಂಬಲ್ ಕೊಂಡರೆ ಈ ಸಮತೋಲದ ತಲೆನೋವೇ ಇಲ್ಲವಲ್ಲ? 2013ರಲ್ಲಿ ಫ್ರೀಫ್ಲೈ ಸಂಸ್ಥೆಯ ಮೋವಿ, ಮರುವರ್ಷ ಡಿಜೆಐ ಸಂಸ್ಥೆಯ ರೋನಿನ್ ಬಂದಾಗ ಸ್ಟೆಡಿಕ್ಯಾಮ್‌ನ ಕಾಲ ಮುಗಿಯಿತು ಎಂದವರೂ ಇದ್ದರು. ಮುಗಿಯಲಿಲ್ಲ. ಕಾರಣ ಮೇಲೆ ಹೇಳಿದ್ದೇ: ಕುಲುಕಾಟವನ್ನು ತಡೆಯಲು ಮೋಟಾರ್ ಗಿಂಬಲ್‌ಗೂ ಕೊನೆಗೆ ಆರ್ಮ್ ಮತ್ತು ವೆಸ್ಟ್ ಬೇಕಾಯಿತು, ಕೈಯಲ್ಲೇ ಹಿಡಿದರೆ ತೋಳು ಸೋತಿತು. ಆದರೂ ಇವೆರಡರ ಆಯ್ಕೆಯಲ್ಲಿ ನನ್ನ ಅಭಿಪ್ರಾಯ ಒಂದೇ ಕಡೆಗಿಲ್ಲ. ಕ್ಷಿತಿಜ ಸದಾ ಸಮವಾಗಿರಬೇಕಾದ, ಕ್ಯಾಮೆರಾ ನೆಲಮಟ್ಟದಿಂದ ತಲೆಯೆತ್ತರಕ್ಕೆ ಏರಬೇಕಾದ, ಕಲಿಯಲು ಸಮಯವಿಲ್ಲದ ಕೆಲಸಗಳಿಗೆ ಮೋಟಾರ್ ಗಿಂಬಲ್ ಅನ್ನು ಆರ್ಮ್ ಮೇಲೆ ತೂಗಿಹಾಕುವುದು ಸರಿಯಾದ ದಾರಿ. ನಟನ ಹೆಜ್ಜೆಗೆ ಹೆಜ್ಜೆ ಕೂಡಿಸಿ, ಅವನು ತಡೆದಲ್ಲಿ ತಡೆದು, ತಿರುಗಿದಲ್ಲಿ ತಿರುಗಬೇಕಾದ ದೃಶ್ಯಗಳಿಗೆ ಸ್ಲೆಡ್ ಮೇಲು. ಮೋಟಾರ್ ಗಿಂಬಲ್ ಹಿಡಿಯ ಚಲನೆಯನ್ನು ತುಸು ತಡವಾಗಿ ಅನುಸರಿಸುತ್ತದೆ, ಸ್ಲೆಡ್‌ನಲ್ಲಿ ಬೆರಳಿಗೂ ಚೌಕಟ್ಟಿಗೂ ನಡುವೆ ಯಾರೂ ಇರುವುದಿಲ್ಲ. ಎರಡನ್ನೂ ಬೆಸೆದ, ಆರಿ ಸಂಸ್ಥೆಯ ಟ್ರಿನಿಟಿಯಂಥ ವ್ಯವಸ್ಥೆಗಳೂ, ರೋಲ್ ಅನ್ನು ಮಾತ್ರ ಮೋಟಾರ್‌ನಿಂದ ಹಿಡಿದಿಡುವ ಸ್ಲೆಡ್‌ಗಳೂ ಬಂದಿವೆ. ಅವು ಮೊದಲ ರಿಗ್ ಆಗಿ ಕೊಳ್ಳುವಂಥವಲ್ಲ.

ಹಣ ಅಳತೆಯದ್ದಾದರೆ ಅದನ್ನು ಎಲ್ಲಿ ಸುರಿಯಬೇಕು? ನನ್ನ ಕ್ರಮ ಹೀಗಿದೆ: ಮೊದಲು ಆರ್ಮ್ ಮತ್ತು ಗಿಂಬಲ್, ಅವುಗಳ ಜೊತೆಜೊತೆಗೇ ಮೈಗೆ ಒಪ್ಪುವ ವೆಸ್ಟ್. ಮಾನಿಟರ್, ಬ್ಯಾಟರಿ ತಟ್ಟೆ, ಕಂಬ ಇವನ್ನು ಮುಂದೆ ಒಂದೊಂದಾಗಿ ಬದಲಿಸಿಕೊಳ್ಳಬಹುದು. ಕೆಟ್ಟ ಆರ್ಮ್ ಅನ್ನು ಯಾವ ಸೇರ್ಪಡೆಯೂ ಸುಧಾರಿಸದು. ಇದೇ ಕಾರಣಕ್ಕೆ ಹೊಸದಾದ ಅಗ್ಗದ ರಿಗ್‌ಗಿಂತ ಹಳೆಯದಾದ ಒಳ್ಳೆಯ ರಿಗ್ ಎಷ್ಟೋ ಸಲ ಲಾಭದ ವ್ಯವಹಾರ, ಬಿಡಿಭಾಗಗಳು ಇನ್ನೂ ಸಿಗುತ್ತವೆ ಎಂಬುದು ಖಾತ್ರಿಯಾದರೆ. ರಿಗ್ ಜೊತೆಗೆ ಅದನ್ನು ತೂಗಿಹಾಕುವ ಗಟ್ಟಿ ಸ್ಟ್ಯಾಂಡ್ ಬೇಕೇ ಬೇಕು, ಏಕೆಂದರೆ ಟೇಕ್‌ಗಳ ನಡುವೆ ಭಾರ ಇಳಿಸಲಾಗದ ಆಪರೇಟರ್‌ಗೆ ಮಧ್ಯಾಹ್ನದ ಮೇಲೆ ಒಳ್ಳೆಯ ಟೇಕ್ ಬರುವುದಿಲ್ಲ. ಸ್ಲೆಡ್ ತಲೆಕೆಳಗಾಗಿ, ಕ್ಯಾಮೆರಾ ನೆಲದ ಹತ್ತಿರ ಹೋಗುವ ಲೋ ಮೋಡ್‌ಗೆ ಬೇಕಾದ ಬ್ರ್ಯಾಕೆಟ್ ಪ್ರತ್ಯೇಕವಾಗಿ ಕೊಳ್ಳಬೇಕೇ ಎಂದೂ ವಿಚಾರಿಸಿ.

ಕೊನೆಯ ತೀರ್ಮಾನಕ್ಕೆ ಮುನ್ನ ಒಂದು ದಿನದ ಮಟ್ಟಿಗೆ ಬಾಡಿಗೆಗೆ ಪಡೆಯುವುದು ಒಳ್ಳೆಯದು, ಅದಾಗದಿದ್ದರೆ ಮಾರುವವರ ಬಳಿಯೇ ಅರ್ಧ ಗಂಟೆ ಕೇಳಿ ಪಡೆಯಬೇಕು. ಗೋಡೆಯ ಮೇಲೆ ಟೇಪಿನಿಂದ ಒಂದು ಅಡ್ಡ, ಒಂದು ಉದ್ದದ ಗೆರೆ ಅಂಟಿಸಿ, ನಿಮ್ಮದೇ ಕ್ಯಾಮೆರಾ, ನಿಮ್ಮದೇ ಲೆನ್ಸ್ ಹಾಕಿ, ಮಾನಿಟರ್‌ನ ನಡುಬಿಂದುವನ್ನು ಆ ಗೆರೆಗಳ ಕೂಡುಜಾಗದಲ್ಲಿಟ್ಟುಕೊಂಡು ಹತ್ತು ಹೆಜ್ಜೆ ಮುಂದೆ, ಹತ್ತು ಹೆಜ್ಜೆ ಹಿಂದೆ ನಡೆಯಿರಿ. ಹೊರಡುವಾಗ, ನಿಲ್ಲುವಾಗ ಅಡ್ಡಗೆರೆ ಓರೆಯಾಗುತ್ತದೆಯೇ, ಪ್ರತಿ ಹೆಜ್ಜೆಗೂ ಏರಿಳಿಯುತ್ತದೆಯೇ ಎಂದು ನೋಡಿ: ಮೊದಲನೆಯದು ಸಮತೋಲದ ಅಥವಾ ಕೈಯ ದೋಷ, ಅಭ್ಯಾಸದಿಂದ ಹೋಗುತ್ತದೆ, ಎರಡನೆಯದು ಆರ್ಮ್‌ನ ದೋಷ, ಅಭ್ಯಾಸದಿಂದ ಪೂರ್ತಿ ಹೋಗುವುದಿಲ್ಲ. ಅರ್ಧ ಗಂಟೆಯಾದ ಮೇಲೆ ವೆಸ್ಟ್ ಕಳಚಿ, ಅಂಗಿ ಸರಿಸಿ, ಚರ್ಮದ ಮೇಲೆ ಕೆಂಪು ಗುರುತು ಎಲ್ಲಿ ಮೂಡಿದೆ ಎಂದು ಕನ್ನಡಿಯಲ್ಲಿ ನೋಡಿಕೊಳ್ಳಿ. ಸೊಂಟದ ಸುತ್ತ ತೆಳುವಾಗಿ, ಸಮನಾಗಿ ಇದ್ದರೆ ವೆಸ್ಟ್ ನಿಮ್ಮದು. ಹೆಗಲ ಮೇಲೆ ಗೀರು ಎದ್ದಿದ್ದರೆ ನಡುಪಟ್ಟಿ ಉದ್ದ ಮಾಡಿ ಇನ್ನೊಮ್ಮೆ ತೊಟ್ಟು ನೋಡಿ. ಆಗಲೂ ಅಲ್ಲೇ ಎದ್ದರೆ, ವಿವರಪಟ್ಟಿಯಲ್ಲಿ ಏನೇ ಬರೆದಿರಲಿ, ಬೇರೆ ವೆಸ್ಟ್ ಹುಡುಕಿ.